ಕೈ ತೊಳೆಯದವಳ ಓಸಿಡಿ

"ನೀನು ಕೈ ತೊಳೆಯೋದೇ ನಾವು ನೋಡಿಲ್ವಲ್ಲ, ನಿನಗೆಂಥ ಓಸಿಡಿ?"

ಇದೇ ಆ ಪ್ರಶ್ನೆ. ಓಸಿಡಿ ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಅದರ ಭಯ ಇಳಿಸಲು ಏನಾದರೊಂದನ್ನು ಮಾಡುತ್ತಲೇ ಇರಬೇಕು ಅನ್ನಿಸುವ ಮನಸ್ಸಿನ ಕಾಯಿಲೆ. ಹನ್ನೊಂದು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಆಫೀಸಿನ ಲಿಫ್ಟಿನಲ್ಲಿ ಕೇಳಿದ್ದಾರೆ, ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಕರಿಬೇವು ಕೊಡುತ್ತಾ ಕೇಳಿದ್ದಾರೆ. ಕೇಳುವವರಲ್ಲಿ ಕೆಟ್ಟವರು ಕಡಿಮೆ. ಆದರೂ ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಇದು ನಿಂತಲ್ಲೇ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಶುರು ಮಾಡಿದರೆ ಅರ್ಧಕ್ಕೇ ಎದುರಿನವರ ಮುಖ ಬದಲಾಗುತ್ತದೆ, ಇಲ್ಲಾ ಅವರ ಬಸ್ಸು ಬರುತ್ತದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಸಾಕು ಅನ್ನುವವರಿಗೆ ಇಷ್ಟು: ನಾನೂ ತೊಳೆಯುತ್ತೇನೆ. ಬೆಳಗಿನಿಂದ ರಾತ್ರಿವರೆಗೆ ತೊಳೆದ ವರ್ಷಗಳಿವೆ. ಅದಕ್ಕೆ ನೀರು, ಸೋಪು ಬೇಕಿರಲಿಲ್ಲ. ಹಾಗಾಗಿ ನಿಮಗೆ ಕಾಣಲಿಲ್ಲ.

ಉಳಿದವರು ಕೂತುಕೊಳ್ಳಿ, ಸ್ವಲ್ಪ ಉದ್ದ ಇದೆ.

ನಮ್ಮ ಮನೆಗಳಲ್ಲಿ ಯಾರಾದರೂ ಅಪಶಕುನದ ಮಾತಾಡಿದರೆ ದೊಡ್ಡವರು ತಕ್ಷಣ "ಬಿಡ್ತು ಅನ್ನು!" ಅನ್ನುತ್ತಾರೆ. ನಿಮಗೂ ಅಂದಿರುತ್ತಾರೆ. ಮೇಲೆ ಅಸ್ತು ದೇವತೆಗಳು ಓಡಾಡಿಕೊಂಡಿರುತ್ತಾರಂತೆ. ನಾವು ಆಡಿದ ಮಾತಿಗೆ ಅವರು "ಅಸ್ತು" ಅಂದುಬಿಟ್ಟರೆ ಅದು ಹಾಗೇ ಆಗಿಹೋಗುತ್ತದಂತೆ. ಬಿಡ್ತು ಅಂದರೆ ಮಾತು ಅಲ್ಲೇ ಕಳಚಿತು. ಅಮ್ಮ ದಿನಕ್ಕೆ ಎರಡು ಸಲವಾದರೂ ಅನ್ನುತ್ತಿದ್ದಳು. "ಈ ಮಳೆಗೆ ಹಿತ್ತಲ ಗೋಡೆ ಕುಸಿದರೆ... ಬಿಡ್ತು ಬಿಡ್ತು" ಅಂದು ಅಕ್ಕಿ ತೊಳೆಯುವುದನ್ನು ಮುಂದುವರಿಸುತ್ತಿದ್ದಳು. ಅಕ್ಕಿ ಒಲೆಗೆ ಏರುವ ಹೊತ್ತಿಗೆ ಅವಳಿಗೆ ಆ ಮಾತು ಮರೆತೇ ಹೋಗಿರುತ್ತಿತ್ತು.

ನನಗೆ ಮರೆಯಲಿಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಗಣಿತದ ಟೆಸ್ಟಿಗೆ ಓದುತ್ತಾ ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಅಜ್ಜ ಕೆಮ್ಮುತ್ತಿದ್ದರು. "ಅಜ್ಜ ಹೋಗಿಬಿಟ್ಟರೆ ನಾಳೆ ಟೆಸ್ಟಿಗೆ ಹೋಗೋದು ತಪ್ಪುತ್ತೆ" ಅಂತ ಒಂದು ಯೋಚನೆ ಬಂತು. ಬಂದಷ್ಟೇ ಬೇಗ ಹೋಯಿತು. ಎರಡು ವಾರಕ್ಕೆ ಅಜ್ಜ ತೀರಿಕೊಂಡರು. ಅವರಿಗೆ ಎಂಬತ್ತಮೂರು ವರ್ಷ, ಶ್ವಾಸಕೋಶ ಕೆಟ್ಟಿತ್ತು, ಮನೆಯವರೆಲ್ಲ ಕಾಯುತ್ತಲೇ ಇದ್ದರು. ನನಗೆ ಮಾತ್ರ ನೆನಪಾದದ್ದು ಒಂದೇ: ಆ ರಾತ್ರಿ ನಾನು ಬಿಡ್ತು ಅಂದಿರಲಿಲ್ಲ.

ಅದರಿಂದಲೇ ಕಾಯಿಲೆ ಬಂತು ಅಂತ ನಾನು ಹೇಳುತ್ತಿಲ್ಲ. ಇಂಥದ್ದು ರಕ್ತದಲ್ಲೂ ಸ್ವಲ್ಪ ಬರುತ್ತದೆ, ಮಿದುಳಿನ ಕೆಲಸದಲ್ಲೂ ಇರುತ್ತದೆ, ಬೆಳೆದ ರೀತಿಯಲ್ಲೂ ಇರುತ್ತದೆ. ಅಮ್ಮನದ್ದಂತೂ ತಪ್ಪೇ ಇಲ್ಲ. ಅದೇ ಮನೆಯಲ್ಲಿ, ಅದೇ ಬಿಡ್ತು ಕೇಳಿಕೊಂಡು ಬೆಳೆದ ನನ್ನ ತಂಗಿಗೆ ಏನೂ ಆಗಲಿಲ್ಲ. ಕಾಯಿಲೆಗೆ ಹಿಡಿದುಕೊಳ್ಳಲು ಒಂದು ಪದ ಬೇಕಿತ್ತು. ನಮ್ಮ ಮನೆಯಲ್ಲಿ ಕೈಗೆ ಸಿಕ್ಕಿದ್ದು ಇದು.

ಮೊದಮೊದಲು ಒಂದು ಸಲ ಅಂದರೆ ಸಾಕಾಗುತ್ತಿತ್ತು. ಪಿಯುಸಿ ಹೊತ್ತಿಗೆ ಅದಕ್ಕೊಂದು ಕ್ರಮವೇ ಆಗಿತ್ತು. ಕೆಟ್ಟ ಯೋಚನೆ ಬಂದ ಕೂಡಲೇ ಮನಸ್ಸಿನಲ್ಲೇ ಮೂರು ಸಲ ಬಿಡ್ತು. ಅನ್ನುವಾಗ ಅಮ್ಮನ ಮುಖ ಕಣ್ಣ ಮುಂದೆ ಬರಬೇಕು, ಆ ಮುಖ ನಗುತ್ತಿರಬೇಕು. ಮೂರನೇ ಬಿಡ್ತು ಉಸಿರು ಎಳೆದುಕೊಳ್ಳುವಾಗ ಬರಬೇಕು, ಬಿಡುವಾಗ ಬಂದರೆ ಲೆಕ್ಕಕ್ಕಿಲ್ಲ. ಮಧ್ಯದಲ್ಲಿ ಯಾರಾದರೂ "ಹೋಯ್ತು" ಅಂತಲೋ "ಮುಗೀತು" ಅಂತಲೋ ಅಂದರೆ ಕೆಟ್ಟಿತು. ಮತ್ತೆ ಮೊದಲಿಂದ, ಈ ಸಲ ಒಂಬತ್ತು. ಅದೂ ಕೆಟ್ಟರೆ ಇಪ್ಪತ್ತೇಳು. ಕರೆಂಟ್ ಹೋಯ್ತು, ಹಾಲು ಉಕ್ಕಿ ಹೋಯ್ತು, ಬಸ್ಸು ಹೋಯ್ತು. ನಮ್ಮ ಭಾಷೆಯಲ್ಲಿ ಒಂದು ದಿನಕ್ಕೆ ಎಷ್ಟು ಸಲ "ಹೋಯ್ತು" ಅನ್ನುತ್ತೇವೆ ಅಂತ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಬಿಎಂಟಿಸಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇದನ್ನೇ ಮಾಡುತ್ತಿದ್ದೆ. ಕಂಡಕ್ಟರು "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಿದ್ದರು. ಆ "ಹೋಗಿ" ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಒಳಗೆ ದೊಡ್ಡ ವಾದ. ಟೌನ್‌ಹಾಲ್ ಹತ್ತಿರ ಇಳಿಯಬೇಕಾದವಳು ಲಾಲ್‌ಬಾಗ್ ದಾಟಿದ ಮೇಲೆ ಇಳಿದದ್ದು ಎಷ್ಟೋ ಸಲ. ಹೊರಗಿನಿಂದ ನೋಡಿದವರಿಗೆ ಕಂಡದ್ದು ಕಿಟಕಿಯಾಚೆ ನೋಡುತ್ತಾ ಸುಮ್ನೆ ಕೂತ ಒಬ್ಬ ಹುಡುಗಿ. ಎಷ್ಟು ಶಾಂತ ಸ್ವಭಾವ ಇವಳದ್ದು ಅಂತ ಹಾಸ್ಟೆಲ್ ವಾರ್ಡನ್ ನಮ್ಮಪ್ಪನಿಗೆ ಹೇಳಿದ್ದರು.

ಇಂಥದ್ದಕ್ಕೆ ಕೆಲವರು "ಪ್ಯೂರ್ ಓ" ಅನ್ನುತ್ತಾರೆ. ಬರೀ ಯೋಚನೆ, ಆಚರಣೆ ಇಲ್ಲ ಅನ್ನುವ ಅರ್ಥದಲ್ಲಿ. ಆ ಹೆಸರು ನನಗೆ ಹಿಡಿಸುವುದಿಲ್ಲ. ಆಚರಣೆ ಇದೆ. ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯುತ್ತದೆ ಅಷ್ಟೇ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿಯಲ್ಲಿ, ಅದೇ ಡಿಎಸ್‌ಎಂ-5ರಲ್ಲಿ, ಇದು ಸ್ಪಷ್ಟವಾಗಿ ಇದೆ. ಮಾಡಲೇಬೇಕು ಅನ್ನಿಸುವ ಕೆಲಸಗಳ ಪಟ್ಟಿಯಲ್ಲಿ ಕೈ ತೊಳೆಯುವುದು, ಬೀಗ ನೋಡುವುದು ಇದ್ದ ಹಾಗೇ ಮನಸ್ಸಿನಲ್ಲಿ ಪ್ರಾರ್ಥಿಸುವುದು, ಎಣಿಸುವುದು, ಪದಗಳನ್ನು ಸದ್ದಿಲ್ಲದೆ ಮತ್ತೆ ಮತ್ತೆ ಹೇಳಿಕೊಳ್ಳುವುದೂ ಇವೆ. ಡಾಕ್ಟರು ಆ ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ದಿನ ನಾನು ಅವರ ಎದುರೇ ಅತ್ತಿದ್ದೆ. ಹದಿನಾಲ್ಕನೇ ವಯಸ್ಸಿನಿಂದ ನನ್ನೊಬ್ಬಳ ತಲೆ ಕೆಟ್ಟಿದೆ ಅಂದುಕೊಂಡಿದ್ದವಳಿಗೆ, ಅದು ಆಗಲೇ ಅಚ್ಚಾಗಿದೆ ಅಂತ ಗೊತ್ತಾದರೆ ಹೇಗಿರುತ್ತೆ ಹೇಳಿ.

ಈಗ ನಾಮಕರಣದ ದಿನದ ವಿಷಯಕ್ಕೆ ಬರುತ್ತೇನೆ. ಈ ಪ್ರಶ್ನೆ ನನ್ನನ್ನು ಚುಚ್ಚಿದ್ದು ಅವತ್ತು.

ಆರು ವರ್ಷದ ಹಿಂದೆ, ಸಾಗರದ ಹತ್ತಿರ ನಮ್ಮೂರ ಮನೆಯಲ್ಲಿ ತಂಗಿಯ ಮಗನಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಜಗಲಿ ತುಂಬಾ ಜನ. ಒಳಗೆ ಹೋಳಿಗೆ ಬೇಯುವ ವಾಸನೆ. ತಂಗಿ ಸೀರೆ ಬದಲಾಯಿಸಿ ಬರುತ್ತೇನೆ ಅಂತ ಮಗುವನ್ನು ನನ್ನ ಕೈಗೆ ಕೊಟ್ಟಳು. ಎಣ್ಣೆ ನೀರು ಹಾಕಿಸಿಕೊಂಡು ಬಂದ ಮಗು. ತಲೆಯಿಂದ ಸಾಂಬ್ರಾಣಿ ಹೊಗೆಯ ವಾಸನೆ ಬರುತ್ತಿತ್ತು. ಅಂಗೈಯಲ್ಲಿ ನನ್ನ ತೋರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಜಗಲಿಯಿಂದ ನೋಡಿದರೆ ಎದುರಿಗೇ ಬಾವಿಕಟ್ಟೆ.

ಯೋಚನೆ ಬಂತು. ಇವನನ್ನು ಅದಕ್ಕೆ ಎಸೆದುಬಿಟ್ಟರೆ?

ಇದನ್ನು ಬರೆಯುವಾಗ ಈಗಲೂ ನನ್ನ ಬೆರಳು ತಣ್ಣಗಾಗುತ್ತದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇಂಥದ್ದೇ ಯೋಚನೆ ಬಂದು, ಅದನ್ನು ಯಾರಿಗೂ ಹೇಳಲಾಗದೆ ಮಗುವಿನಿಂದ ದೂರ ಮಲಗುವ ತಾಯಂದಿರು ಇದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಬಹುದು.

ನಾನು ಬಾವಿಗೆ ಬೆನ್ನು ಹಾಕಿ ನಿಂತೆ. ಬಿಡ್ತು, ಬಿಡ್ತು, ಬಿಡ್ತು. ಒಳಗಿನಿಂದ ಯಾರೋ "ತುಪ್ಪ ಮುಗೀತು" ಅಂದರು. ಒಂಬತ್ತಕ್ಕೆ ಹೋದೆ. ಐದನೆಯದಕ್ಕೆ ಮಗು ಅಳಲು ಶುರು ಮಾಡಿತು. ಅಳುವಿನ ನಡುವೆ ಮಾಡಿದರೆ ಅದು ಅವನ ಮೇಲೇ ಬೀಳುತ್ತದೆ ಅನ್ನಿಸಿತು. ಇಪ್ಪತ್ತೇಳಕ್ಕೆ ಹೋದೆ. ಜೊತೆಗೆ ಇನ್ನೊಂದು ಕೆಲಸ: ನನ್ನ ಕೈ ನಿಜವಾಗಿ ಎಸೆಯಲು ಹೊರಟಿತ್ತಾ ಅಂತ ಎರಡು ನಿಮಿಷದ ಹಿಂದಿನ ನೆನಪನ್ನು ತಿರುಗಿಸಿ ತಿರುಗಿಸಿ ನೋಡುವುದು. ಕೈ ಸ್ವಲ್ಪ ಮುಂದೆ ಬಂದಿತ್ತಾ? ಬಂದಿತ್ತಾದರೆ ಯಾಕೆ ಬಂತು? ಹೀಗೆ ನೋಡಿದಷ್ಟೂ ನೆನಪು ಮಸುಕಾಗುತ್ತದೆ, ಮಸುಕಾದಷ್ಟೂ ಭಯ ಜಾಸ್ತಿಯಾಗುತ್ತದೆ. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಮುಖದ ಮೇಲೆ ಮಾತ್ರ ನಗು ಇಟ್ಟುಕೊಂಡಿದ್ದೆ, ಫೋಟೋದವನು ಎದುರಿಗೇ ಇದ್ದ.

ಸರಿಯಾಗಿ ಆ ಹೊತ್ತಿಗೆ ಚಿಕ್ಕಮ್ಮ ಬಂದು ಪಕ್ಕ ನಿಂತರು. ಅವರ ಕೈಯಲ್ಲಿ ಪಾನಕದ ಲೋಟ. ಪ್ರೀತಿಯಿಂದಲೇ ನನ್ನ ಭುಜ ಮುಟ್ಟಿದರು. "ಏನೋ ಓಸಿಡಿ ಅಂತ ಮಾತ್ರೆ ತಗೊಳ್ತಿದೀಯಂತೆ. ಬೆಳಿಗ್ಗೆಯಿಂದ ನೋಡ್ತಿದೀನಿ, ಒಂದು ಸಲಾನೂ ಜಾಸ್ತಿ ಕೈ ತೊಳೆದಿಲ್ಲ ನೀನು. ನಿನಗೆಂಥ ಓಸಿಡಿ?"

ನಾನು ಹತ್ತೊಂಬತ್ತನೇ ಬಿಡ್ತುವಿನಲ್ಲಿದ್ದೆ. ಅವರ ಮಾತಿಗೆ ಲೆಕ್ಕ ತಪ್ಪಿತು.

ಏನೂ ಹೇಳಲಿಲ್ಲ. ಮಗುವನ್ನು ಅವರ ಕೈಗೆ ಕೊಟ್ಟು, ಲೋಟ ಇಸಿದುಕೊಂಡು ಹಿತ್ತಲಿಗೆ ಹೋದೆ. ತೊಟ್ಟಿಲು ತೂಗುವಾಗ, ಜೋಗುಳ ಹಾಡುವಾಗ, ಕಿವಿಯಲ್ಲಿ ಹೆಸರು ಹೇಳುವಾಗ ನಾನು ಅಲ್ಲಿರಲಿಲ್ಲ. ತಂಗಿಗೆ ಅದು ಇವತ್ತಿಗೂ ಬೇಜಾರು. ಆಲ್ಬಮ್ಮಿನಲ್ಲಿ ದೊಡ್ಡಮ್ಮನ ಜಾಗ ಖಾಲಿ ಇದೆ.

ಚಿಕ್ಕಮ್ಮನ ಮೇಲೆ ನನಗೆ ಕೋಪ ಇಲ್ಲ. ಆ "ಎಂಥ" ಅನ್ನುವ ಪದದ ಮೇಲೆ ಇದೆ. "ನಿನ್ನ ಓಸಿಡಿ ಹೇಗಿರುತ್ತೆ" ಅಂದಿದ್ದರೆ ಅದು ಪ್ರಶ್ನೆ. "ನಿನಗೆಂಥ ಓಸಿಡಿ" ಅಂದರೆ ಸಾಕ್ಷಿ ಹಾಜರುಪಡಿಸು ಅಂತ. ಗಮನಿಸಿ, ಈ ಕಾಯಿಲೆ ದಿನವಿಡೀ ನನ್ನನ್ನು ಕೇಳುವುದೂ ಅದನ್ನೇ. ನೀನು ಒಳ್ಳೆಯವಳು ಅನ್ನುವುದಕ್ಕೆ ಸಾಕ್ಷಿ ಏನು? ಎಸೆಯಲ್ಲ ಅನ್ನುವುದಕ್ಕೆ ಸಾಕ್ಷಿ ಏನು? ಒಳಗೊಂದು ಕೋರ್ಟು ನಡೆಯುತ್ತಿರುವವಳಿಗೆ ಹೊರಗೂ ಒಂದು ಕೋರ್ಟು ಬೇಡ.

ಇನ್ನು ಆಫೀಸಿನವರು. "ನಂಗೂ ಓಸಿಡಿ ಕಣೇ, ಪೆನ್ನೆಲ್ಲಾ ಸಾಲಾಗಿ ಇಡಬೇಕು ನಂಗೆ." ಪೆನ್ನು ಸಾಲಾಗಿ ಇಟ್ಟಾಗ ಅವರಿಗೆ ಖುಷಿಯಾಗುತ್ತದೆ. ಆಗಲಿ, ನನಗೂ ಸಂತೋಷ. ಆದರೆ ಆ ಪದ ನನಗೆ ಬಿಟ್ಟುಕೊಡಿ. ಕನ್ನಡದಲ್ಲಿ ಗೀಳು ಅನ್ನುತ್ತಾರೆ, ಅದರಲ್ಲೂ ಇದೇ ತೊಂದರೆ. ಸಿನಿಮಾ ಗೀಳು, ಇಸ್ಪೀಟು ಗೀಳು ಅನ್ನುವಾಗಿನ ಪದವೇ ಇದು. ಇಷ್ಟಪಟ್ಟು ಹಚ್ಚಿಕೊಂಡದ್ದು ಅನ್ನಿಸುತ್ತದೆ. ಇಪ್ಪತ್ತೇಳು ಸಲ ಬಿಡ್ತು ಅನ್ನುವುದರಲ್ಲಿ ಒಂದು ಚೂರೂ ಇಷ್ಟ ಇರಲಿಲ್ಲ.

"ಅದನ್ನೆಲ್ಲ ಯೋಚನೆ ಮಾಡ್ಬೇಡ ಅಷ್ಟೇ" ಅನ್ನುವವರು ಇನ್ನೊಂದು ಗುಂಪು. ಒಬ್ಬ ಡಾಕ್ಟರೂ ಹೀಗೇ ಅಂದಿದ್ದರು. ನಾನು ಮೊದಲು ಹೋದವರು ಅವರೇ. ಐದು ನಿಮಿಷ ಕೇಳಿ, "ಒಳ್ಳೆ ಯೋಚನೆ ಮಾಡಿ, ಬೆಳಿಗ್ಗೆ ಎದ್ದು ಧ್ಯಾನ ಮಾಡಿ" ಅಂದು ಕಳಿಸಿದರು. ಧ್ಯಾನಕ್ಕೆ ಕೂತರೆ ಬೇರೆ ಸದ್ದೇ ಇಲ್ಲದ ಆ ಮೌನದಲ್ಲಿ ಎಣಿಕೆ ಇನ್ನೂ ಸಲೀಸಾಗಿ ನಡೆಯುತ್ತಿತ್ತು. ಆರು ತಿಂಗಳು ವ್ಯರ್ಥವಾಯಿತು.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ವೈದ್ಯನೊಬ್ಬ ಒಬ್ಬ ರೋಗಿಗೆ ಔಷಧಿ ಕೊಟ್ಟು, "ಇದನ್ನು ಕುಡಿಯುವಾಗ ಕೋತಿಯನ್ನು ಮಾತ್ರ ನೆನೆಸಿಕೊಳ್ಳಬೇಡ" ಅಂದನಂತೆ. ಆ ರೋಗಿಗೆ ಜೀವಮಾನದಲ್ಲಿ ಆ ಔಷಧಿ ಕುಡಿಯಲಾಗಲಿಲ್ಲ. ಇದನ್ನೇ ಅಮೆರಿಕದ ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞ 1987ರಲ್ಲಿ ಬಿಳಿ ಕರಡಿ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದಾಗೆಲ್ಲ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಅಷ್ಟೇ ಅಲ್ಲ, ಆಮೇಲೆ ನೆನೆಯಬಹುದು ಅಂದಾಗ, ಮೊದಲಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಅಜ್ಜಿಯ ಕೋತಿ, ಅವರ ಕರಡಿ, ನನ್ನ ಬಾವಿ. ಮೂರೂ ಒಂದೇ. ಹಾಗಾಗಿ "ಯೋಚನೆ ಮಾಡ್ಬೇಡ" ಅಂದರೆ ಅದು ಸಲಹೆ ಅಲ್ಲ, ಕಾಯಿಲೆಗೆ ಹಾಕುವ ಗೊಬ್ಬರ.

ಯೋಚನೆ ಎಲ್ಲರಿಗೂ ಬರುತ್ತದೆ. ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. 1978ರಲ್ಲಿ ರ‍್ಯಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಾಲ್ ಡಿ ಸಿಲ್ವ ಅನ್ನುವ ಇಬ್ಬರು ಸಂಶೋಧಕರು ಈ ಕಾಯಿಲೆ ಇಲ್ಲದ ಮಾಮೂಲಿ ಜನರನ್ನೇ ಕೇಳಿ ನೋಡಿದರು. ಹೆಚ್ಚಿನವರಿಗೆ ಇಂಥವೇ ಯೋಚನೆ ಬರುತ್ತಿದ್ದವು. ಯಾರನ್ನೋ ತಳ್ಳಿಬಿಡುವುದು, ಹೊಡೆದುಬಿಡುವುದು, ಹೇಳಬಾರದ್ದನ್ನು ಹೇಳಿಬಿಡುವುದು. ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಎತ್ತರದ ಸೇತುವೆ ಮೇಲೆ ನಿಂತಾಗ "ಹಾರಿದರೆ?" ಅಂತ ನಿಮಗೂ ಒಂದು ಸಲ ಅನ್ನಿಸಿದೆ, ಅಲ್ವಾ? ನೀವು ಛೆ ಅಂದು ಮುಂದೆ ನಡೆದಿರಿ. ನಾನು ನಿಂತೆ. ಈ ಯೋಚನೆ ಯಾಕೆ ಬಂತು, ನಾನು ಎಂಥವಳು ಅಂತ ಅದಕ್ಕೆ ಉತ್ತರ ಕೊಡಲು ನಿಂತೆ. ಮಗು ಅಂದರೆ ನನಗೆ ಪ್ರಾಣ, ಅದಕ್ಕೇ ಕಾಯಿಲೆ ಮಗುವನ್ನೇ ಹಿಡಿದುಕೊಂಡಿತು. ದೇವರನ್ನು ಬಹಳ ನಂಬುವವರಿಗೆ ಗರ್ಭಗುಡಿಯ ಎದುರೇ ದೇವರ ಬಗ್ಗೆ ಹೊಲಸು ಮಾತು ತಲೆಗೆ ಬರುತ್ತದೆ. ಬೈಕ್ ಓಡಿಸುವವರಿಗೆ ಹಂಪು ಹಾರಿದಾಗಲೆಲ್ಲ ಯಾರ ಮೇಲೋ ಹತ್ತಿಸಿದೆ ಅನ್ನಿಸಿ, ತಿರುಗಿಸಿಕೊಂಡು ಬಂದು ರಸ್ತೆ ನೋಡುತ್ತಾರೆ.

ಬಿಡ್ತು ಅಂದಾಗ ಸ್ವಲ್ಪ ಹಗುರವಾಗುತ್ತಿತ್ತು. ಆ ಹಗುರವೇ ಮೋಸ. ಮೀಟರ್ ಬಡ್ಡಿಗೆ ಸಾಲ ತಂದವರನ್ನು ನೋಡಿದ್ದೀರಾ? ದಿನಾ ಬಡ್ಡಿ ಕಟ್ಟುತ್ತಾರೆ, ಅವತ್ತಿನ ಮಟ್ಟಿಗೆ ಬಾಗಿಲು ಬಡಿಯುವವರು ಇರುವುದಿಲ್ಲ, ನಿದ್ದೆ ಬರುತ್ತದೆ. ಅಸಲು ಹಾಗೇ ಇರುತ್ತದೆ. ನಾನು ಹತ್ತು ವರ್ಷ ಬರೀ ಬಡ್ಡಿ ಕಟ್ಟಿದೆ. ಒಂದು ಬಿಡ್ತುವಿಗೆ ಭಯ ಇಳಿದಾಗೆಲ್ಲ ಮಿದುಳು ಕಲಿತದ್ದು ಇಷ್ಟೇ: ಓ, ಅಪಾಯ ನಿಜವೇ ಇತ್ತು, ಬಿಡ್ತು ಅಂದದ್ದಕ್ಕೆ ತಪ್ಪಿತು.

ಸರಿಯಾದ ಚಿಕಿತ್ಸೆ ಸಿಕ್ಕಿದ್ದು ಎರಡನೇ ಕಡೆ. ಮೊದಲ ದಿನ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟರು. ಯೇಲ್-ಬ್ರೌನ್ ಪಟ್ಟಿ ಅನ್ನುತ್ತಾರೆ, 1989ರಿಂದ ಬಳಕೆಯಲ್ಲಿದೆ, ಒಟ್ಟು 40 ಅಂಕ. ನನಗೆ 29 ಬಂತು. ಯಾವ ಪರೀಕ್ಷೆಯಲ್ಲೂ ಅಂಕ ಜಾಸ್ತಿ ಬಂದದ್ದಕ್ಕೆ ನಾನು ಅಷ್ಟು ಹೆದರಿರಲಿಲ್ಲ. ದಿನಕ್ಕೆ ಎಷ್ಟು ಹೊತ್ತು ಇದರಲ್ಲಿ ಹೋಗುತ್ತದೆ ಅನ್ನುವುದೂ ಅದರಲ್ಲೊಂದು ಪ್ರಶ್ನೆ. ದಿನಕ್ಕೆ ಒಂದು ಗಂಟೆ ದಾಟಿದರೇ ಗಂಭೀರವಾಗಿ ನೋಡುತ್ತಾರಂತೆ. ನಾನು ಬೆರಳಲ್ಲಿ ಕೂಡಿಸಿ ನೋಡಿದೆ. ಹತ್ತಿರ ಹತ್ತಿರ ಆರು ಗಂಟೆ.

ಮಾತ್ರೆ ಕೊಟ್ಟರು, ಫ್ಲುಯಾಕ್ಸೆಟಿನ್. ಖಿನ್ನತೆಗೆ ಕೊಡುವುದೇ, ಆದರೆ ಓಸಿಡಿಗೆ ಸಾಮಾನ್ಯವಾಗಿ ಡೋಸು ಜಾಸ್ತಿ ಬೇಕಾಗುತ್ತದೆ, ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ ಅಂತ ಮೊದಲೇ ಹೇಳಿದರು. ಮೂರನೇ ವಾರಕ್ಕೆ "ಏನೂ ಆಗಲಿಲ್ಲ" ಅಂತ ಬಿಡುವವರೇ ಜಾಸ್ತಿಯಂತೆ. ಬಿಡಬೇಡಿ.

ಮಾತ್ರೆಯ ಜೊತೆ ಇನ್ನೊಂದು ಚಿಕಿತ್ಸೆ, ಇಆರ್‌ಪಿ. ಭಯವನ್ನು ಬೇಕೆಂದೇ ಎದುರಿಗೆ ತಂದುಕೊಳ್ಳುವುದು, ತಂದುಕೊಂಡ ಮೇಲೆ ಆಚರಣೆ ಮಾಡದೆ ಸುಮ್ಮನಿರುವುದು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಅನ್ನುವವರು ಇಬ್ಬರು ರೋಗಿಗಳ ಮೇಲೆ ಮಾಡಿ ತೋರಿಸಿದ ದಾರಿ ಇದು. ಕೈ ತೊಳೆಯುವವರಿಗಾದರೆ ನಲ್ಲಿ ಬಂದ್ ಮಾಡಬಹುದು. ಮನಸ್ಸಿನ ನಲ್ಲಿ ಯಾರು ಬಂದ್ ಮಾಡುತ್ತಾರೆ? ಇದನ್ನೇ ಕೇಳಿದೆ. ಥೆರಪಿಸ್ಟ್ ಒಂದು ಬಿಳಿ ಹಾಳೆ ನನ್ನ ಮುಂದೆ ಇಟ್ಟರು. "ನಾನು ಮಗುವಿಗೆ ಕೆಡುಕು ಮಾಡಬಹುದು, ಮಾಡದೆಯೂ ಇರಬಹುದು. ನನಗೆ ಖಚಿತವಾಗಿ ಗೊತ್ತಿಲ್ಲ." ಇದನ್ನು ನನ್ನ ಕೈಯಲ್ಲೇ ಬರೆಯಬೇಕು. ನೀಲಿ ಪೆನ್ನು. "ಕೆಡುಕು" ಬರೆಯಲು ನಾಲ್ಕು ನಿಮಿಷ ಬೇಕಾಯಿತು. ಕೊಂಬು ನಡುಗಿ ವಕ್ರವಾಗಿತ್ತು. ಬರೆದ ಮೇಲೆ ಗಟ್ಟಿಯಾಗಿ ಓದಬೇಕು, ಬಿಡ್ತು ಅನ್ನಬಾರದು. ಅಭ್ಯಾಸಬಲದಿಂದ ಒಳಗೆ ಬಂದೇಬಿಟ್ಟರೆ, ಅದರ ಬೆನ್ನಿಗೇ "ಆದರೂ ಆಗಬಹುದು" ಅಂತ ಸೇರಿಸಬೇಕು. ಹಾಲಿಗೆ ಹುಳಿ ಹಿಂಡಿದ ಹಾಗೆ ಆಚರಣೆ ಅಲ್ಲೇ ಒಡೆಯುತ್ತದೆ.

ಭಯ ಎಷ್ಟಿದೆ, ನೂರಕ್ಕೆ ಹೇಳಿ ಅಂದರು. ತೊಂಬತ್ತೈದು ಅಂದೆ. ಐದೈದು ನಿಮಿಷಕ್ಕೆ ಕೇಳಿ ಬರೆದುಕೊಳ್ಳುತ್ತಿದ್ದರು. ತೊಂಬತ್ತೈದು. ತೊಂಬತ್ತೈದು. ತೊಂಬತ್ತು. ಗೋಡೆ ಗಡಿಯಾರದ ಮುಳ್ಳು ನೋಡುತ್ತಾ ಕೂತಿದ್ದೆ, ಕಾಲಿನ ಹೆಬ್ಬೆರಳು ಚಪ್ಪಲಿಯನ್ನು ಒತ್ತಿ ಒತ್ತಿ ನೋಯುತ್ತಿತ್ತು. ನಲವತ್ತನೇ ನಿಮಿಷಕ್ಕೆ ಅರವತ್ತು ಅಂದೆ. ಯಾರೂ ಏನೂ ಮಾಡಿರಲಿಲ್ಲ. ಬಿಡ್ತು ಅನ್ನದೆಯೂ ಅದು ತಾನಾಗಿ ಇಳಿದಿತ್ತು. ಎಲ್ಲ ದಿನ ಹೀಗೆ ಇಳಿಯುವುದಿಲ್ಲ. ಇಳಿಯದಿದ್ದರೂ ಅದರ ಜೊತೆಗೇ ತರಕಾರಿ ತರಲು ಹೋಗಬಹುದು ಅನ್ನುವುದನ್ನು ಆಮೇಲಿನ ತಿಂಗಳುಗಳಲ್ಲಿ ಕಲಿತೆ. ಇದನ್ನು ಓದಿ ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ಕಲಿತವರ ಜೊತೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಅಂತ ಪ್ರತ್ಯೇಕ ಕ್ಲಿನಿಕ್ ಇದೆ. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ಬರೆದ ಮೇಲೆ ಒಂದು ಆಸೆ ಹೇಳುತ್ತೇನೆ. ಈ ಹನ್ನೊಂದು ವರ್ಷದಲ್ಲಿ ಒಬ್ಬರಾದರೂ ಬೇರೆ ಪ್ರಶ್ನೆ ಕೇಳಲಿ ಅಂತ ಕಾದಿದ್ದೇನೆ. "ನಿನಗೆ ಸಹಾಯ ಆಗಬೇಕಾದರೆ ನಾನು ಏನು ಹೇಳದೆ ಇರಬೇಕು?"

ಯಾಕೆ ಈ ಪ್ರಶ್ನೆ ಅಂದರೆ, ನನ್ನ ಆಚರಣೆಯಲ್ಲಿ ಅರ್ಧ ಪಾಲು ನನ್ನ ಗಂಡನದ್ದಾಗಿತ್ತು. ನಾಮಕರಣ ಮುಗಿಸಿ ಬಂದ ರಾತ್ರಿ ಅವನನ್ನು ಕೇಳಿದ್ದೆ. "ನಾನು ಹಾಗೆ ಮಾಡೋಳಲ್ಲ, ಅಲ್ವಾ?" ಅವನು "ಇಲ್ಲ ಕಣೇ, ನೀನು ಇರುವೆನೂ ತುಳಿಯಲ್ಲ" ಅಂದ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದೆ. ಅವನು ಸರಿಯಾಗಿ ಕೇಳಿಸಿಕೊಂಡು ಹೇಳಿದನೋ, ಮೊಬೈಲ್ ನೋಡುತ್ತಾ ಹೇಳಿದನೋ ಅಂತ ಅನುಮಾನ. ಮತ್ತೆ ಕೇಳಿದೆ. ಬೆಳಗಿನ ಜಾವ ಮೂರು ಗಂಟೆಗೆ ಎಬ್ಬಿಸಿ ಕೇಳಿದೆ. ಪಾಪ, ಕಣ್ಣು ಬಿಡದೆಯೇ "ಇಲ್ಲ, ಇಲ್ಲ, ಇಲ್ಲ" ಅಂತ ಮೂರು ಸಲ ಹೇಳುವುದನ್ನು ಕಲಿತುಬಿಟ್ಟಿದ್ದ. ನನ್ನ ಮೇಲಿನ ಪ್ರೀತಿಗೆ ಹೇಳುತ್ತಿದ್ದ. ಹೋಗಿ ಬೀಳುತ್ತಿದ್ದದ್ದು ಬಡ್ಡಿ ವಸೂಲಿಯವನ ಜೇಬಿಗೆ.

ಥೆರಪಿಸ್ಟ್ ಅವನನ್ನೂ ಕರೆಸಿ, ಇನ್ನು ಮೇಲೆ ಧೈರ್ಯ ಹೇಳಬೇಡಿ ಅಂದರು. ಅವನ ಮುಖ ನೋಡಬೇಕಿತ್ತು. ಹೆಂಡತಿ ಅಳುತ್ತಾ ಕೇಳುವಾಗ ಸುಮ್ಮನಿರಿ ಅಂದರೆ ಯಾರಿಗಾದರೂ ಸಂಕಟವೇ. ಮೊದಲ ಸಲ ನಾನು "ಮಾಡಲ್ಲ, ಅಲ್ವಾ?" ಅಂದಾಗ ಅವನು ತುಂಬಾ ಹೊತ್ತು ನನ್ನನ್ನೇ ನೋಡಿ, "ಗೊತ್ತಿಲ್ಲ ಕಣೇ. ಕಾಫಿ ಮಾಡ್ಲಾ?" ಅಂದ. ಅವನ ಧ್ವನಿ ನಡುಗುತ್ತಿತ್ತು. ನಾನು ಕೂಗಾಡಿದೆ, ಅಡುಗೆಮನೆ ಬಾಗಿಲು ಧಡಾರ್ ಅಂತ ಹಾಕಿದೆ. ಅವನು ಕಾಫಿ ಮಾಡಿದ. ಇಬ್ಬರೂ ಮಾತಿಲ್ಲದೆ ಬಾಲ್ಕನಿಯಲ್ಲಿ ಕೂತು ಕುಡಿದೆವು. ನನಗೆ ಯಾರಾದರೂ ಮಾಡಿದ ಅತಿ ಕಷ್ಟದ ಸಹಾಯ ಅದು.

ಈಗ ಕಾಯಿಲೆ ಒಂದು ಹತೋಟಿಗೆ ಬಂದಿದೆ. ಪೂರ್ತಿ ಹೋಗಿಲ್ಲ. ಕಳೆದ ಸಲ ಅದೇ ಹತ್ತು ಪ್ರಶ್ನೆಗಳಿಗೆ 11 ಬಂತು. ನಿದ್ದೆಗೆಟ್ಟ ವಾರಗಳಲ್ಲಿ, ಯಾರಿಗಾದರೂ ಹುಷಾರಿಲ್ಲದಾಗ ಬಿಡ್ತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಕೆಲವು ಸಲ ಅಂದೂಬಿಡುತ್ತೇನೆ. ಮೊನ್ನೆ ಬಸ್ಸಿನಲ್ಲಿ ಎರಡು ಸಲ ಅಂದು ಮೂರನೆಯದನ್ನು ಅರ್ಧಕ್ಕೇ ಬಿಟ್ಟೆ. ಟೌನ್‌ಹಾಲ್ ಹತ್ತಿರ ಸರಿಯಾಗಿ ಇಳಿದೆ.

ದೀಪಾವಳಿಗೆ ಊರಿಗೆ ಹೋಗಿದ್ದೆವು. ತಂಗಿಯ ಮಗನಿಗೆ ಈಗ ಆರು ವರ್ಷ. ಅಂಗಳದಲ್ಲಿ ನಾನು ಅವನಿಗೆ ಬಾಲ್ ಹಾಕುತ್ತಿದ್ದೆ, ಬೆನ್ನ ಹಿಂದೆ ಬಾವಿಕಟ್ಟೆ. ಅದು ನನಗೆ ಗೊತ್ತಿತ್ತು, ಯೋಚನೆಯೂ ಬಂದು ನಿಂತಿತ್ತು. ನಿಂತಿರಲಿ ಅಂತ ಬಾಲ್ ಹಾಕಿದೆ. ಅವನು ಬ್ಯಾಟ್ ಬೀಸಿದ, ಚೆಂಡು ಹೆಂಚಿನ ಮೇಲೆ ಬಿತ್ತು. "ದೊಡ್ಡಮ್ಮಾ, ನಾನು ಹತ್ತಿ ತೆಗಿತೀನಿ. ಬಿದ್ದು ಸತ್ತೋದ್ರೆ ಬ್ಯಾಟು ನೀನೇ ಇಟ್ಕೋ" ಅಂದ.

ಜಗಲಿಯಲ್ಲಿದ್ದ ಅಮ್ಮ, ಚಿಕ್ಕಮ್ಮ, ತಂಗಿ ಎಲ್ಲರೂ ಒಟ್ಟಿಗೇ ಕೂಗಿದರು. "ಬಿಡ್ತು ಅನ್ನೋ!"

"ಬಿಡ್ತು" ಅಂದ. ಒಂದೇ ಸಲ. ಅಂದವನು ದೋಟಿ ತರಲು ಕೊಟ್ಟಿಗೆ ಕಡೆ ಓಡಿದ.